ಮನೆಗೆ ಬೀಗ ಹಾಕಿ ಹೋಂಸ್ಕೂಲು

ಕಳೆದ ತಿಂಗಳು ಒಂದು ಬೆಳಿಗ್ಗೆ ನಮ್ಮ ಮನೆಗೆ ನಾವೇ ಹೊರಗಿನಿಂದ ಬೀಗ ಹಾಕಿದೆವು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೆವು. ಮಗಳ ಹೆಗಲಿಗೆ ಬ್ಯಾಗು, ಮಗನ ಕೈಯಲ್ಲಿ ನೀರಿನ ಬಾಟಲಿ, ನನ್ನ ಕಂಕುಳಲ್ಲಿ ಚಾಪೆ, ಕೈಯಲ್ಲಿ ಉಪ್ಪಿಟ್ಟಿನ ಡಬ್ಬಿ. ಸದ್ದಾಗದ ಹಾಗೆ ಮೆಟ್ಟಿಲು ಹತ್ತಿ ಟೆರೇಸಿಗೆ ಹೋದೆವು.

ಯಾರಿಗೋ ಸಾಲ ಕೊಡಬೇಕಿತ್ತು, ತಪ್ಪಿಸಿಕೊಂಡು ಓಡಿದೆವು ಅಂದುಕೊಂಡಿರಾ? ಅಲ್ಲ. ಮಗಳು ಬೀಜಗಣಿತ ಮಾಡಬೇಕಿತ್ತು.

ನನ್ನ ಹಳೆಯ ಓದುಗರಿಗೆ ನಮ್ಮ ಮನೆಯ ಕಥೆ ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ. ಮೇಘನಾಗೆ ಹದಿಮೂರು, ತುಷಾರನಿಗೆ ಒಂಬತ್ತು. ಇಬ್ಬರೂ ಶಾಲೆಗೆ ಹೋಗುವುದಿಲ್ಲ. ಕತ್ರಿಗುಪ್ಪೆಯಲ್ಲಿ ನಾವಿರುವ ಬಾಡಿಗೆ ಮನೆಯೇ ಅವರ ಶಾಲೆ. ನಾನೇ ಟೀಚರ್, ನಾನೇ ಆಯಾ, ಬಿಸಿಯೂಟದ ಅಡುಗೆಯವಳೂ ನಾನೇ. ಯಜಮಾನರು ಪ್ರಕಾಶ್ ಶನಿವಾರ ಮಾತ್ರ ಬರುವ ವಿಜ್ಞಾನದ ಮೇಷ್ಟ್ರು (ಉಳಿದ ದಿನ ಬಿಟಿಎಂ ಲೇಔಟ್‌ನಲ್ಲಿ ಆಫೀಸು, ಸಂಜೆ ಟ್ರಾಫಿಕ್ಕು).

ನಮಗೇನೂ ದೊಡ್ಡ ಸಿದ್ಧಾಂತವಿರಲಿಲ್ಲ. ಮೇಘನಾ ನಿಧಾನ. ದಡ್ಡಿಯಲ್ಲ, ನಿಧಾನ. ಒಂದು ಲೆಕ್ಕ ಕೊಟ್ಟರೆ ಮೊದಲು ಅದನ್ನು ಸುಮ್ಮನೆ ನೋಡುತ್ತಾ ಕೂರುತ್ತಾಳೆ, ಸಾರಕ್ಕಿ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುವವರು ತಿರುವಿ ತಿರುವಿ ನೋಡುತ್ತಾರಲ್ಲ, ಹಾಗೆ. ಆಮೇಲೆ ಪೆನ್ಸಿಲ್ ಎತ್ತಿಕೊಳ್ಳುತ್ತಾಳೆ. ಎತ್ತಿದ ಮೇಲೆ ತಪ್ಪುವುದು ಅಪರೂಪ. ಆದರೆ ಶಾಲೆಯಲ್ಲಿ ಅಷ್ಟು ಹೊತ್ತಿಗೆ ಪೀರಿಯಡ್ಡು ಮುಗಿದು ಬೆಲ್ ಹೊಡೆದಿರುತ್ತಿತ್ತು. ಡೈರಿ ತುಂಬಾ ಕೆಂಪು ಇಂಕಿನಲ್ಲಿ 'ಇನ್‌ಕಂಪ್ಲೀಟ್'. ನಾಲ್ಕನೇ ಕ್ಲಾಸಿನಲ್ಲಿ ಅವಳಿಗೆ ಭಾನುವಾರ ಸಂಜೆಯಾದರೆ ಹೊಟ್ಟೆನೋವು ಶುರುವಾಯಿತು. ಡಾಕ್ಟರು ಹೊಟ್ಟೆ ನೋಡಿ, ಡೈರಿ ನೋಡಿ, 'ಔಷಧಿ ಬೇಡ' ಅಂದರು. ಬಿಡಿಸಿದೆವು.

ಬೆಲ್ ಇಲ್ಲದ ಕಡೆ ಕೂತು ಓದಲಿ ಅಂತ ಮಗಳನ್ನು ಮನೆಗೆ ಕರೆತಂದವರಿಗೆ, ಮನೆಗೂ ಒಂದು ಕಾಲಿಂಗ್ ಬೆಲ್ ಇದೆ ಅನ್ನುವುದು ಹೊಳೆಯಬೇಡವೇ? ಹೊಳೆಯಲಿಲ್ಲ ನೋಡಿ.

ಮೊದಲ ವರ್ಷ ಪರವಾಗಿರಲಿಲ್ಲ. ಜನ ಬಂದು ಅನುಕಂಪ ತೋರಿಸಿ ಹೋದರು. ಆಮೇಲೆ ನಿಧಾನವಾಗಿ ಅವರೆಲ್ಲರಿಗೂ ಒಂದು ಸತ್ಯ ಗೊತ್ತಾಯಿತು. ಈ ಮನೆಯಲ್ಲಿ ಹಗಲು ಹೊತ್ತು ಮೂರು ಜನ ಇರುತ್ತಾರೆ!

ನಮ್ಮ ಮೇಲಿನ ಮಹಡಿಯ ಶೈಲಾ ಒಳ್ಳೆಯವಳು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಅವರ ಮನೆಗೆ ಬರುವಷ್ಟು ಪಾರ್ಸೆಲ್ಲು ಜಯನಗರದ ಅಂಗಡಿಗಳಿಗೂ ಬರುವುದಿಲ್ಲವೇನೋ.

"ಸುಧಾ, ಬೇಜಾರ್ ಮಾಡ್ಕೋಬೇಡಿ, ನಿಮ್ ನಂಬರ್ ಕೊಟ್ಬಿಟ್ಟಿದೀನಿ. ಹೇಗೂ ನೀವು ಮನೇಲೇ ಇರ್ತೀರಲ್ಲ."

ಈಗ ಪಾರ್ಸೆಲ್ ತರುವ ಹುಡುಗರು ಶೈಲಾಗೆ ಫೋನ್ ಮಾಡುವುದನ್ನೇ ಬಿಟ್ಟಿದ್ದಾರೆ. ನೇರ ನಮ್ಮ ಬಾಗಿಲು. ಒಟಿಪಿ ಕೇಳುತ್ತಾರೆ, ನಾನು ಶೈಲಾಗೆ ಫೋನ್ ಮಾಡುತ್ತೇನೆ, ಅವಳು ಮೀಟಿಂಗಿನಲ್ಲಿರುತ್ತಾಳೆ, ಹುಡುಗ ನಿಂತಿರುತ್ತಾನೆ, ಮೇಘನಾಳ ಪೆನ್ಸಿಲ್ಲೂ ನಿಂತಿರುತ್ತದೆ.

ಗಿರಿನಗರದಲ್ಲಿ ನನ್ನ ನಾದಿನಿ ಗೀತಾ ಇದ್ದಾಳೆ. ಒಂದು ಸೋಮವಾರ ಅವಳ ಫೋನು.

"ಅತ್ತಿಗೆ, ನಾಳೆ ಪ್ಲಂಬರ್ ಬರ್ತಾನಂತೆ. ನನಗೆ ಲೀವ್ ಇಲ್ಲ. ನೀವು ಮಕ್ಕಳನ್ನ ಕರ್ಕೊಂಡ್ ಬಂದು ನಮ್ಮನೇಲೇ ಪಾಠ ಮಾಡಬಹುದಲ್ವಾ? ಅವರಿಗೂ ಚೇಂಜ್ ಆಗತ್ತೆ."

ಚೇಂಜ್ ಆಯಿತು. ಮಂಗಳವಾರ ನಮ್ಮ ಇಡೀ ಶಾಲೆ ಆಟೋ ಹತ್ತಿ ಗಿರಿನಗರಕ್ಕೆ ಹೋಗಿ ಪ್ಲಂಬರಿಗಾಗಿ ಸಂಜೆಯವರೆಗೆ ಕಾಯಿತು. ಪ್ಲಂಬರ್ ಬಂದದ್ದು ಬುಧವಾರ. ಬುಧವಾರವೂ ಹೋದೆವು ಅಂತ ಬೇರೆ ಹೇಳಬೇಕೇ?

ಇವರೆಲ್ಲರಿಗೂ ಕಳಶಪ್ರಾಯ ನಮ್ಮ ಓನರ್ ಜಯಮ್ಮನವರು. ನೆಲಮಹಡಿಯಲ್ಲಿ ಮಗ, ಸೊಸೆ, ಮೊಮ್ಮಗಳು ಹರ್ಷಿತಾ ಜೊತೆ ಇದ್ದಾರೆ. ಅವರ ಮಾವ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಮಹಡಿ ಬೆಳೆದಿದೆ. ಮನಸ್ಸು ಇನ್ನೂ ಹೊಲದಷ್ಟೇ ದೊಡ್ಡದು. ಹಬ್ಬಕ್ಕೆ ಒಬ್ಬಟ್ಟು ಕಳಿಸದೆ ಇದ್ದ ವರ್ಷವಿಲ್ಲ. ಆದರೆ ಅವರ ಕಣ್ಣಿಗೆ, ಯೂನಿಫಾರಂ ಹಾಕದ ಮಗು ಅಂದರೆ ರಜದಲ್ಲಿರುವ ಮಗು.

"ಮೇಘನಾ, ಈ ಫೋನು ಏನೋ ಕೇಳ್ತೈತೆ ನೋಡು ಮಗಾ." "ತುಷಾರ, ಒಂದೇ ಓಟಕ್ಕೆ ಅರ್ಧ ಲೀಟ್ರು ಮೊಸರು ತಂದ್ಬುಡಪ್ಪಾ, ಚಿನ್ನ." "ಸುಧಾ, ಕರೆಂಟ್ ಬಿಲ್ಲು ಈ ಸಲ ಯಾಕಿಂಗ್ ಬಂದೈತೆ ಓದಮ್ಮಾ."

ತುಷಾರನಿಗೆ ಇದರ ಬಗ್ಗೆ ಯಾವ ತಕರಾರೂ ಇಲ್ಲ. ಭಾಗಾಕಾರ ಬಿಟ್ಟು ಓಡುತ್ತಾನೆ, ಬಾಯಲ್ಲಿ ಚಕ್ಕುಲಿ ಇಟ್ಟುಕೊಂಡು ವಾಪಸ್ ಬರುತ್ತಾನೆ. ಕತ್ರಿಗುಪ್ಪೆಯ ಯಾವ ಅಂಗಡಿಯಲ್ಲಿ ಮೊಸರು ಹುಳಿ, ಯಾವ ಅಂಗಡಿಯವರು ಚಿಲ್ಲರೆ ಬದಲು ಚಾಕೊಲೇಟ್ ಕೊಡುತ್ತಾರೆ ಅನ್ನುವುದರಲ್ಲಿ ಅವನು ಡಿಗ್ರಿ ಮುಗಿಸಿದ್ದಾನೆ. ಮೇಘನಾ ಹಾಗಲ್ಲ. ಒಂದು ಸಲ ಎದ್ದರೆ ಅವಳು ಮತ್ತೆ ಮೊದಲಿನಿಂದ ಬರಬೇಕು. ಮತ್ತೆ ನೋಡಬೇಕು, ಮತ್ತೆ ತಿರುವಬೇಕು.

ಒಂದು ಗುರುವಾರ ಅವಳು ಒಂದೇ ಲೆಕ್ಕಕ್ಕೆ ಬೆಳಿಗ್ಗೆಯಿಂದ ಕೂತಿದ್ದಳು. ಮೊದಲು ಪಾರ್ಸೆಲ್, ಆಮೇಲೆ ಶೈಲಾಳ ಗ್ಯಾಸ್ ಸಿಲಿಂಡರ್, ಆಮೇಲೆ ಜಯಮ್ಮನವರ ಫೋನಿಗೆ ಬಂದ ಲಾಟರಿ ಮೆಸೇಜು. ಸಂಜೆ ಅಪ್ಪ ಬಂದು ಶೂ ಬಿಚ್ಚುವ ಮೊದಲೇ ಹೇಳಿದಳು.

"ಅಪ್ಪಾ, ನನ್ನನ್ನ ಸ್ಕೂಲಿಗೆ ಸೇರಿಸಿ."

ಪ್ರಕಾಶ್ ನನ್ನ ಮುಖ ನೋಡಿದರು. ನಾನು ಬಾಗಿಲಿನ ಕಡೆ ನೋಡಿದೆ.

"ಯಾಕೆ ಪುಟ್ಟಾ, ಫ್ರೆಂಡ್ಸ್ ಬೇಕು ಅನ್ನಿಸ್ತಿದೆಯಾ?"

"ಅದಕ್ಕಲ್ಲ."

"ಮತ್ತೆ? ಅಮ್ಮ ಬೈದ್ಳಾ?"

"ಸ್ಕೂಲಿಗೆ ಹೋಗೋರನ್ನ ಯಾರೂ ಮಧ್ಯದಲ್ಲಿ ಎಬ್ಬಿಸಲ್ಲ ಅಪ್ಪಾ."

ಮೂರು ವರ್ಷ ಗಂಡ ಶನಿವಾರಗಳನ್ನು ಬಿಟ್ಟುಕೊಟ್ಟಿದ್ದರು, ನಾನು ಇದ್ದ ಕೆಲಸ ಬಿಟ್ಟಿದ್ದೆ. ಶಾಲೆ ಚೆನ್ನಾಗಿರುತ್ತದೆ ಅಂತ ಅವಳು ಕೇಳಿದ್ದರೆ ವಾದ ಮಾಡಬಹುದಿತ್ತು. ಓದಲು ಬಿಡುತ್ತಿಲ್ಲ ಅಂತ ಶಾಲೆ ಕೇಳುವ ಮಗುವಿಗೆ ಏನು ಹೇಳುತ್ತೀರಿ?

"ಒಂದು ತಿಂಗಳು ಟೈಮ್ ಕೊಡು" ಅಂದೆ. "ನಾನು ಸರಿ ಮಾಡ್ತೀನಿ. ಆಗದಿದ್ರೆ ಸೇರಿಸ್ತೀನಿ."

ಬೆಲ್ಲಿನ ವೈರು ಕಿತ್ತೆ. ಬಾಗಿಲು ಬಡಿದರು. 'ತರಗತಿ ನಡೆಯುತ್ತಿದೆ' ಅಂತ ಬೋರ್ಡ್ ಹಾಕಿದೆ. ಗೀತಾ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಫ್ಯಾಮಿಲಿ ಗ್ರೂಪಿಗೆ ಹಾಕಿದಳು, ಕೆಳಗೆ ನಗುವ ಮುಖಗಳು ಸಾಲಾಗಿ ಬಂದವು. 'ಹತ್ತರಿಂದ ಒಂದರವರೆಗೆ ಬರಬೇಡಿ' ಅಂತ ಶೈಲಾಗೆ ಹೇಳಿದೆ. ಅವಳು ಪಾಪ ಬರಲೇ ಇಲ್ಲ. ಪಾರ್ಸೆಲ್ಲಿಗೆ ಯಾರು ಹೇಳುವುದು?

ಆಗ ಹೊಳೆದದ್ದು ಟೆರೇಸು. ಮನೆಗೆ ಬೀಗ ಬಿದ್ದಿದ್ದರೆ ಎಲ್ಲೋ ಹೋಗಿದ್ದಾರೆ ಅಂದುಕೊಳ್ಳುತ್ತಾರೆ. ನಾವು ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ. ಗಂಡನಿಗೆ ಹೇಳಿದಾಗ ಅವರು, "ಅಂದ್ರೆ ಮನೇಲಿ ಓದಬೇಕು ಅಂತ ಸ್ಕೂಲ್ ಬಿಡಿಸಿ, ಓದಬೇಕು ಅಂತ ಈಗ ಮನೆ ಬಿಡ್ತಿದೀವಾ?" ಅಂದರು. ಅವರಿಗೆ ನಾನು ಉತ್ತರ ಕೊಡಲಿಲ್ಲ, ಡಬ್ಬಿ ಕೊಟ್ಟೆ.

ಆ ಮೊದಲ ವಾರ ಎಷ್ಟು ಚೆನ್ನಾಗಿತ್ತು ಗೊತ್ತಾ? ಪಕ್ಕದ ಮನೆಯ ಸಂಪಿಗೆ ಮರದಲ್ಲಿ ಅಳಿಲು, ದೂರದಲ್ಲಿ ರಿಂಗ್ ರೋಡಿನ ಬಸ್ಸುಗಳ ಸದ್ದು. ಮೇಘನಾ ಕಾಲು ಚಾಚಿ ಕೂತು ಒಂದು ಅಧ್ಯಾಯವನ್ನೇ ಮುಗಿಸಿದಳು. ಕೊನೆಯ ಲೆಕ್ಕ ಬಿಡಿಸಿ ತಲೆ ಎತ್ತಿದಾಗ ಅವಳ ಮುಖ ಈಗಷ್ಟೇ ಎಣ್ಣೆ ನೀರು ಹಾಕಿಸಿಕೊಂಡ ಹಾಗಿತ್ತು. ನಾನು ಗೆದ್ದೆ ಅಂದುಕೊಂಡೆ.

ಮಾರ್ಚ್ ತಿಂಗಳು ಅನ್ನುವುದನ್ನು ಮರೆತಿದ್ದೆ. ಬಿಸಿಲು ಬಲಿಯಿತು. ಬೆಂಗಳೂರಲ್ಲಿ ಬಿಸಿಲು ಬಲಿತರೆ ಏನಾಗುತ್ತದೆ? ಟೆರೇಸಿಗೆ ಸಂಡಿಗೆ ಬರುತ್ತದೆ.

ಜಯಮ್ಮನವರು ಹಳೆಯ ಸೀರೆ, ದೊಡ್ಡ ಪಾತ್ರೆ ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದರು. ನಮ್ಮನ್ನು ನೋಡಿ ಅವರಿಗೆ ಆದ ಸಂತೋಷ ಹೇಳತೀರದು.

"ಅಯ್ಯೋ ಶಿವ್ನೇ, ಇಲ್ಲಿದ್ದೀರಾ! ದಿನಾ ಬೀಗ ಐತಲ್ಲ, ಎಲ್ಲಿಗ್ ಹೋದ್ರು ಅಂತ ಶೈಲನ್ ಕೇಳ್ತಿದ್ದೆ!"

"ಗಾಳಿ ಇದೆ ಅಂತ ಬಂದ್ವಿ ಆಂಟಿ. ಮೇಘನಾ ಲೆಕ್ಕ ಮಾಡ್ತಿದಾಳೆ."

"ಮಾಡ್ಲಿ, ಮಾಡ್ಲಿ. ಒಳ್ಳೇದೇ ಆಯ್ತು. ಅರಳು ಸಂಡಿಗೆ ಇಡ್ತಿವ್ನಿ, ಈ ಕಾಗೆ ಮುಂಡೇವು ಬುಡಲ್ಲ ಕಣಮ್ಮಾ. ಮಗಾ ಮೇಘನಾ, ಬರೀತಾ ಬರೀತಾನೇ ಒಂಚೂರು ಕೈ ಬೀಸ್ತಿರು."

"ಆಂಟಿ, ಈಗ ಅವಳಿಗೆ ಕ್ಲಾಸ್ ಟೈಮು..."

"ನೀನೇ ಅಲ್ವೇನಮ್ಮಾ ಟೀಚರ್ರು? ನೀನ್ ಬೈದೀಯಾ?" ಜಯಮ್ಮನವರು ನಕ್ಕು, ಸೀರೆ ಹಾಸಿ, ನಾಲ್ಕೂ ಮೂಲೆಗೆ ಕಲ್ಲಿಟ್ಟರು. "ನಮ್ ಹರ್ಷಿತಾನ ಕೂರುಸ್ಬೋದಿತ್ತು. ಅದಕ್ಕೆ ಪಾಪ ಸ್ಕೂಲು. ಏಳನೇ ಕ್ಲಾಸ್ ಅಲ್ವಾ, ತುಂಬಾ ಓದೈತೆ."

ಮೇಘನಾ ಓದುತ್ತಿರುವುದೂ ಏಳನೆಯದೇ. ಹರ್ಷಿತಾಳ ಲೆಕ್ಕದಲ್ಲಿ ಯಾವ 'ಎಕ್ಸ್' ಇದೆಯೋ ಇವಳ ಲೆಕ್ಕದಲ್ಲೂ ಅದೇ 'ಎಕ್ಸ್'. ಬಾಯಿ ತುದಿಗೆ ಬಂತು. ಆದರೆ ಜೂನ್‌ನಲ್ಲಿ ಬಾಡಿಗೆ ಅಗ್ರಿಮೆಂಟ್ ಹೊಸದಾಗಬೇಕು. ಕತ್ರಿಗುಪ್ಪೆಯಲ್ಲಿ ಒಳ್ಳೆಯ ನೀರು, ಒಳ್ಳೆಯ ಓನರ್ ಎರಡೂ ಇರುವ ಮನೆ ಬಿಟ್ಟು ಎಲ್ಲಿಗೆ ಹೋಗಲಿ? ನುಂಗಿಕೊಂಡೆ.

ತುಷಾರ ಕಪ್ಪು ಟೀಶರ್ಟನ್ನು ಕೋಲಿಗೆ ಕಟ್ಟಿ ನಿಲ್ಲಿಸಿದ. ಕಾಗೆ ಬಂದು ಅದರ ಮೇಲೆಯೇ ಕೂತಿತು. ನಾನು ಓಡಿಸುತ್ತೇನೆ ಅಂತ ಎದ್ದೆ. ನಾನು ಹುಶ್ ಅಂದಾಗಲೆಲ್ಲ ಮೇಘನಾ ತಲೆ ಎತ್ತುತ್ತಿದ್ದಳು. ಮರುದಿನ ಶೈಲಾಳ ಹಪ್ಪಳದ ಹಿಟ್ಟೂ ಬಂತು (ಅವಳಿಗೆ ಹಪ್ಪಳ ಮಾಡುವ ಆಸೆ ಅದೇ ವಾರ ಹುಟ್ಟಬೇಕೇ?). ಅದರ ಮರುದಿನ ಫೋನು. "ಮೇಡಂ, ಪಾರ್ಸೆಲ್ ಇದೆ. ನೀವು ಮೇಲಿದೀರಂತೆ, ಓನರ್ ಅಮ್ಮ ಹೇಳಿದ್ರು. ಟೆರೇಸಿಗೇ ಬಂದ್ಬಿಡ್ಲಾ?"

ಮೇಘನಾ ಪುಸ್ತಕ ಮುಚ್ಚಿದಳು. ಚಾಪೆಯನ್ನು ನೀಟಾಗಿ ಸುತ್ತಿ ನನ್ನ ಕೈಗೆ ಕೊಟ್ಟಳು.

ತಿಂಗಳು ಮುಗಿದಿರಲಿಲ್ಲ. ಆದರೂ ಮುಂದಿನ ಸೋಮವಾರ ಅವಳನ್ನು ಜಯನಗರದ ಒಂದು ಶಾಲೆಗೆ ಕರೆದುಕೊಂಡು ಹೋದೆ. ಎಂಟನೇ ಕ್ಲಾಸಿಗೆ ಸೇರಬೇಕಾದರೆ ಒಂದು ಟೆಸ್ಟು. ಹತ್ತು ಲೆಕ್ಕ, ಒಂದು ಪೀರಿಯಡ್ಡು. ಅವಳನ್ನು ಸಣ್ಣ ರೂಮಿನಲ್ಲಿ ಕೂರಿಸಿ ಬಾಗಿಲು ಹಾಕಿದರು. ನಾನು ಹೊರಗಿನ ಬೆಂಚಿನಲ್ಲಿ ಕೂತು ಮನೆದೇವರನ್ನು ನೆನೆದೆ. ಪಾಸಾಗಲಿ ಅಂತಲೋ ಆಗದಿರಲಿ ಅಂತಲೋ, ನನಗೇ ತಿಳಿಯಲಿಲ್ಲ.

ಹೆಡ್‌ಮಿಸ್ಟ್ರೆಸ್ ಪೇಪರ್ ನೋಡಿ ಕನ್ನಡಕ ತೆಗೆದರು.

"ನಾಲ್ಕೇ ಮಾಡಿದಾಳೆ ಮೇಡಂ. ಮಾಡಿರೋದೆಲ್ಲ ಕರೆಕ್ಟ್, ಸ್ಟೆಪ್ಸ್ ಕೂಡ ಚೆನ್ನಾಗಿದೆ. ಆದ್ರೆ ಸ್ಪೀಡ್ ಇಲ್ಲ. ಎಂಟಕ್ಕೆ ಕಷ್ಟ ಆಗತ್ತೆ. ಮತ್ತೆ ಏಳಕ್ಕೇ ಸೇರಿಸಿದ್ರೆ ಸೀಟ್ ಕೊಡ್ತೀವಿ. ಶುಕ್ರವಾರದೊಳಗೆ ಹೇಳಿ."

ಒಂದು ವರ್ಷ! ಓದಿ ಮುಗಿಸಿದ್ದನ್ನೇ ಮತ್ತೆ ಓದಬೇಕು. ಮಗಳು ಅಳುತ್ತಾಳೆ ಅಂತ ಕರ್ಚೀಫು ತೆಗೆದುಕೊಂಡೇ ಅವಳ ಕಡೆ ತಿರುಗಿದೆ. ಅವಳು ನಗುತ್ತಿದ್ದಳು. ಗೇಟು ದಾಟಿದ ಕೂಡಲೇ ನನ್ನ ತೋಳು ಹಿಡಿದುಕೊಂಡಳು.

"ಅಮ್ಮಾ, ಅಷ್ಟು ಹೊತ್ತೂ ಒಬ್ಬರೂ ಒಳಗೆ ಬರಲಿಲ್ಲ!"

"ಒಂದು ವರ್ಷ ಹಿಂದೆ ಬೀಳ್ತೀಯ ಪುಟ್ಟಾ."

"ಬಿದ್ರೆ ಬೀಳ್ತೀನಿ ಬಿಡು. ನಾನು ಹೇಗೂ ನಿಧಾನ ಅಲ್ವಾ?"

ಹಿಂದೆ ಯಾವ ಪೀರಿಯಡ್ಡು ಸಾಲದೆ ಹೊಟ್ಟೆನೋವು ಬರಿಸಿಕೊಂಡಿದ್ದಳೋ ಅದೇ ಈಗ ಅವಳಿಗೆ ಹಬ್ಬವಾಗಿತ್ತು. ಅವಳಿಗೆ ಸ್ಪೀಡ್ ಬಂದಿಲ್ಲ. ಯಾರೂ ಎಬ್ಬಿಸದ ಒಂದು ಪೀರಿಯಡ್ಡು ಸಿಕ್ಕರೆ ಸಾಕು ಅನ್ನುವಷ್ಟು ನಾವೆಲ್ಲ ಸೇರಿ ಅವಳ ಆಸೆಯನ್ನೇ ಚಿಕ್ಕದು ಮಾಡಿಟ್ಟಿದ್ದೇವೆ. ಮನೆಗೆ ಬಂದು ಇದನ್ನು ಹೇಳಿದಾಗ ಪ್ರಕಾಶ್, "ಅವಳಿಗೆ ಬೇಕಾದ್ದು ಅವಳಿಗೆ ಗೊತ್ತಿದೆ. ಸೇರಿಸೋಣ" ಅಂದರು.

ತುಷಾರನನ್ನೂ ಕೇಳಿದೆವು. "ನಾನ್ ಬರಲ್ಲಪ್ಪಾ, ನಂಗೆ ಇಲ್ಲೇ ತುಂಬಾ ಕೆಲಸ ಇದೆ" ಅಂದ. ಅದು ಸುಳ್ಳೂ ಅಲ್ಲ.

ಶುಕ್ರವಾರ ಮೇಘನಾಳ ಜೊತೆ ಹೋಗಿ ಏಳನೇ ಕ್ಲಾಸಿಗೆ ಒಪ್ಪಿಕೊಂಡು ಬಂದೆ. ಗೇಟಿನಲ್ಲಿ ಜಯಮ್ಮನವರು ಸಿಕ್ಕರು. ವಿಷಯ ಹೇಳಿದೆ. ಅವರಿಗೆ ನಿಜವಾಗಿ ಸಂತೋಷವಾಯಿತು. ಮೇಘನಾಳ ಕೆನ್ನೆ ಸವರಿ ದೃಷ್ಟಿ ತೆಗೆದರು. ಹರ್ಷಿತಾಳ ಹಳೆಯ ಏಳನೇ ಕ್ಲಾಸಿನ ಪುಸ್ತಕಗಳನ್ನೆಲ್ಲ ಕೊಡುತ್ತೇನೆ ಅಂದರು. ಆಮೇಲೆ ನನ್ನ ಕೈ ಹಿಡಿದು, ತಾಯಿಯ ಹಾಗೆ, ದನಿ ತಗ್ಗಿಸಿ ಹೇಳಿದರು.

"ಬೇಜಾರ್ ಮಾಡ್ಕೋಬ್ಯಾಡ ಸುಧಾ. ಮನೇಲಿ ಓದು ಹತ್ತಲ್ಲ ಅಂತ ನಾನು ಆವತ್ತೇ ಹೇಳ್ಲಿಲ್ವಾ?"

ಯಾಕೆ ಹತ್ತಲಿಲ್ಲ ಅಂತ ಒಂದೇ ಒಂದು ಸಲ ಕೇಳಬಾರದೇ, ನನ್ನ ತಾಯೀ?