ಕೋಲು ಹಿಡಿದ ಕೈಗೆ ಕೊಡೆ ಎಲ್ಲಿಂದ

"ಬಾ ನಾಗೂ, ಬೇಗ ಬಾ! ಮುಗೀತು ಕನೆ ನನ್ ಕತೆ!"

ಬಚ್ಚಲಿನಿಂದ ಅತ್ತೆಯ ಕೂಗು ಕೇಳಿದಾಗ ನಾನು ಹಸಿ ಸೌದೆಗೆ ಊದುಗೊಳವೆ ಹಿಡಿದು ಕಣ್ಣೀರು ಸುರಿಸುತ್ತಿದ್ದೆ. ಓಡಿ ಹೋಗಿ ನೋಡಿದರೆ ಅತ್ತೆ ಗೋಡೆ ಹಿಡಿದು ನಿಂತಿದ್ದರು. ಬಚ್ಚಲ ಕಲ್ಲಿನ ಮೇಲೆ ಹರಿದುಹೋಗುತ್ತಿದ್ದ ನೀರು ಕುಂಕುಮ ಕದಡಿದ ಹಾಗೆ ಕೆಂಪಗಿತ್ತು.

"ಒಳಗೆಲ್ಲ ರಕ್ತ ಒಡ್ದೋಗದೆ. ಈ ಕಾಡಲ್ಲೇ ಮಣ್ಣಾಗ್ಲಿ ಅಂತ ನನ್ ಹಣೇಲಿ ಬರ್ದಿತ್ತು. ಗೌರೀನ ಕರೆಸು."

ಅತ್ತೆಯ ಚಿಂತೆ ಒಂದೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಬೆಳಗಿನ ಜಾವ ನಾನೂ ಅದೇ ಬಣ್ಣ ನೋಡಿ, ಯಾರಿಗೂ ಹೇಳದೆ, ದೇವರ ಗೂಡಿಗೆ ಕೈ ಮುಗಿದು ಬಂದು ಒಲೆ ಮುಂದೆ ಕೂತಿದ್ದೆ!

ಇದೇನು ಕತೆ ಎಂದು ಹೇಳುವ ಮೊದಲು ನಾವು ಇಲ್ಲಿಗೆ ಬಂದ ಬಗೆಯನ್ನು ಹೇಳಿಬಿಡುತ್ತೇನೆ. ನಮ್ಮದು ಹುಣಸೂರಿನ ಕಡೆಯ ಒಂದು ಹಳ್ಳಿ. ರಾಗಿ, ಹೊಗೆಸೊಪ್ಪು, ಬಿಸಿಲು. ನಮ್ಮನೆಯವರು ಆ ಬೇಸಿಗೆಯಲ್ಲಿ ಕಾವೇರಿ ದಾಟಿ, ಕುಶಾಲನಗರವನ್ನೂ ದಾಟಿ, ಬಯಲು ಮುಗಿದು ಕಾಫಿ ತೋಟಗಳು ಶುರುವಾಗುವ ಕಡೆ, ಹಾರಂಗಿ ಹೊಳೆಯ ಹತ್ತಿರ ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಹಿಡಿದರು. ಕಾವೇರಿಯ ಆಚೆಗೆ ಮೈಸೂರು ರಾಜ್ಯ, ಈಚೆಗೆ ಕೊಡಗು ರಾಜ್ಯ. ಬಸ್ಸಿನಲ್ಲಿ ಕೂತರೆ ಹೊತ್ತು ಮುಳುಗುವುದರೊಳಗೆ ತಲುಪುವ ದೂರ. ಆದರೆ ಅತ್ತೆಯ ಪಾಲಿಗೆ ಅದು ಕಾಲಾಪಾನಿ.

ಅತ್ತೆಗೆ ಹಿಂದಿನ ವರ್ಷ ಲಕ್ವ ಹೊಡೆದಿತ್ತು. ಎಡಗೈ, ಎಡಗಾಲು ಸೋತಿದ್ದವು, ಬಾಯಿ ತುಸು ಓರೆಯಾಗಿತ್ತು, ಮಾತು ತೊದಲುತ್ತಿತ್ತು. ಮಗಳು ಗೌರಿಯ ಮನೆ ಹುಣಸೂರಿನ ಕಡೆಯ ನಮ್ಮ ಹಳ್ಳಿಯಲ್ಲೇ. ಅವಳು ಇಟ್ಟುಕೊಳ್ಳುತ್ತೇನೆ ಎಂದಳು, ನಮ್ಮನೆಯವರು ಕರೆದುಕೊಂಡು ಹೋಗುತ್ತೇನೆ ಎಂದರು. ಕೊನೆಗೆ ತಾಯಿ ಮಗನ ನಡುವೆ ಒಂದು ಒಪ್ಪಂದವಾಯಿತು. ಒಂದು ಮಳೆಗಾಲ ನಮ್ಮ ಜೊತೆ ಇದ್ದು ನೋಡುವುದು. ದೀಪಾವಳಿಗೆ ಅತ್ತೆ "ಬೇಡ" ಎಂದರೆ ಗೌರಿಯ ಮನೆಗೆ ಬಿಟ್ಟುಬರುವುದು, ಮತ್ತೆ ಬಲವಂತ ಮಾಡುವುದಿಲ್ಲ.

ಈ ಒಪ್ಪಂದದಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ತಾಯಿಯಿಲ್ಲದ ಮನೆಯಿಂದ ಬಂದವಳು ನಾನು. ಉಪ್ಪು ಎಷ್ಟು ಹಾಕಬೇಕು ಎನ್ನುವುದರಿಂದ ಹಿಡಿದು ಕಲಿಸಿದವರು ಅತ್ತೆ. ಅವರು ಕೂತು ಗೊಣಗದ ಅಡುಗೆಮನೆ ಹೇಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದೂ ಬೇಡವಾಗಿತ್ತು.

ಆದರೆ ಅತ್ತೆಗೆ ಇಲ್ಲಿ ಹಿಡಿಸಲಿಲ್ಲ. ಅಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ; ಜಗುಲಿಯ ಮೇಲೆ ಕೂತರೆ ಬೀದಿಯೇ ಬಂದು ಮಾತಾಡಿಸುತ್ತದೆ. ಇಲ್ಲಿ ಒಬ್ಬರ ಮನೆ ಇನ್ನೊಬ್ಬರಿಗೆ ಕಾಣುವುದಿಲ್ಲ. ನಡುವೆ ಗದ್ದೆ, ತೋಟ, ಏರು. ಹತ್ತಿರದ ಮನೆಯೆಂದರೆ ಗದ್ದೆ ದಾಟಿ ಸ್ವಲ್ಪ ಮೇಲಿರುವ ಪೂವಮ್ಮನದು. ಅತ್ತೆಗೂ ಅವರಿಗೂ ಒಂದೇ ವಯಸ್ಸು. ಪೂವಮ್ಮನ ಮಗ ಚೆಟ್ಟಳ್ಳಿ ಕಡೆಯ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಆಳುಗಳ ಲೆಕ್ಕ ಬರೆಯುವವನು. ಅವರದು ಅರೆಭಾಷೆ. ಕನ್ನಡವೇ, ಆದರೆ ಕಿವಿಗೆ ಹೊಸದು. ನಾವು 'ಅದೆ' ಎನ್ನುವುದಕ್ಕೆ ಅವರು 'ಉಟ್ಟು' ಎನ್ನುತ್ತಾರೆ. ಸಾಲದ್ದಕ್ಕೆ ಪೂವಮ್ಮನಿಗೆ ಒಂದು ಕಿವಿ ಮಂದ. ಅತ್ತೆ ತೊದಲುವುದು, ಅವರು "ಎಂತ?" ಎನ್ನುವುದು, ಇವರು ಮುಖ ತಿರುಗಿಸುವುದು. ಹೀಗೆ ಎರಡು ತಿಂಗಳು ಸಾಗಿತ್ತು.

ಆ ಕೆಂಪು ನೀರಿನ ಹಿಂದಿನ ಸಂಜೆ ಪೂವಮ್ಮ ಒಂದು ಬಟ್ಟಲು ಪಾಯಸ ತಂದುಕೊಟ್ಟಿದ್ದರು. ಕಡು ನೇರಳೆ ಬಣ್ಣ, ಘಮಘಮ ಪರಿಮಳ. "ಇಂದ್ ಆಟಿ ಹದಿನೆಂಟ್. ಮದ್ದ್ ಸೊಪ್ಪುನ ಪಾಯಸ. ಎಲ್ಲವೂ ತಿನ್ನೊಕು," ಎಂದು ಹೇಳಿ, ಮಳೆ ಜೋರಾದ್ದರಿಂದ ಹಾಗೇ ಹೊರಟುಹೋದರು. ನಮ್ಮ ಆಷಾಢದ ಹೊತ್ತಿಗೆ ಇಲ್ಲಿಯವರಿಗೆ ಆಟಿ ತಿಂಗಳು. ಅದರ ಹದಿನೆಂಟನೆಯ ದಿನ ಕಾಡಿನ ಆ ಸೊಪ್ಪಿನಲ್ಲಿ ಮದ್ದು ತುಂಬಿರುತ್ತದೆಂದು ನಂಬಿಕೆ. ಸೊಪ್ಪು ಕುದಿಸಿದ ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕುತ್ತಾರೆ. ಅತ್ತೆ ಇಲ್ಲಿಗೆ ಬಂದಮೇಲೆ ಮೊದಲ ಸಲ "ಇನ್ನೊಂಚೂರು ಹಾಕು" ಎಂದು ಕೇಳಿ ತಿಂದಿದ್ದರು.

ಹೆದರಿಕೆಯಲ್ಲಿ ನನಗೆ ಪಾಯಸದ ನೆನಪೂ ಬರಲಿಲ್ಲ. ನಮ್ಮನೆಯವರನ್ನು ಕರೆಯೋಣವೆಂದರೆ ಅವರು ಬೆಳಿಗ್ಗೆಯೇ "ಎತ್ತಿಗೆ ಲಾಳ ಹೊಡೆಸಿಕೊಂಡು ಬರ್ತೀನಿ" ಎಂದು ಕುಶಾಲನಗರಕ್ಕೆ ಹೋಗಿದ್ದರು. ಅತ್ತೆಯನ್ನು ಮಲಗಿಸಿ, ಮಳೆಯಲ್ಲೇ ಓಡಿ ಪೂವಮ್ಮನನ್ನು ಕರೆದುಕೊಂಡು ಬಂದೆ. ಅವರು ಬಂದವರೇ ಅತ್ತೆಯ ಮುಖ ನೋಡಿದರು, ನನ್ನ ಮುಖ ನೋಡಿದರು, ಸೊಂಟ ಹಿಡಿದುಕೊಂಡು ನಗತೊಡಗಿದರು.

"ಬಣ್ಣ ಬಂದದೆ ಅಂತ ಅಳ್ತಾರಾ ಯಾರಾದ್ರೂ? ಬರದಿದ್ರೆ ಅಳ್ಬೇಕು! ನನ್ನ ಮನೇಲಿ ಎಲ್ಲರದ್ದೂ ಕೆಂಪೇ. ಈ ಊರಲ್ಲಿ ಇಂದ್ ಎಲ್ಲರದ್ದೂ ಕೆಂಪೇ! ಮದ್ದ್ ಮೈಗೆ ಹಿಡ್ದುಟ್ಟು ಅಂತ ಅರ್ಥ."

"ಮೊದ್ಲೇ ಯೋಳ್ಬಾರ್ದಾ ತಾಯಿ?" ಎಂದು ಅತ್ತೆ ಕಿರುಚಿದರು.

"ಎಂತ?"

"ಮೊದ್ಲೇ! ಯೋಳ್ಬಾರ್ದಾ! ನನ್ ಮಗಳಿಗೆ ಒಡವೆ ಹಂಚೋ ತಂಕ ಹೋಗಿದ್ದೆ ನಾನು!"

ಈ ಸಲ ಪೂವಮ್ಮನಿಗೆ ಒಂದೊಂದು ಅಕ್ಷರವೂ ಕೇಳಿಸಿತು. ಮದ್ದು ಸೊಪ್ಪು ತಿಂದ ಮರುದಿನ ಮೂತ್ರ ಕೆಂಪಗಾಗುವುದು ಇಲ್ಲಿ ಹುಟ್ಟಿದವರಿಗೆ ಮಗುವಾಗಿದ್ದಾಗಿನಿಂದ ಗೊತ್ತಿರುವ ಸಂಗತಿ. ಗೊತ್ತಿಲ್ಲದವರೂ ಇರುತ್ತಾರೆಂದು ಅವರಿಗೆ ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ನಮ್ಮನೆಯವರು ತೊಪ್ಪೆಯಾಗಿ ಬಂದು ಬಾಗಿಲಲ್ಲಿ ನಿಂತರು. ಮುಖದಲ್ಲಿ ಏನೋ ಸಂಕೋಚ.

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಲಾಳ ಹೊಡೆಸ್ದಾ?"

"ಹೂಂ ಅವ್ವ."

"ಯಾರಿಗೆ, ನಿಂಗಾ? ಎತ್ತು ಕೊಟ್ಟಿಗೇಲೇ ಅದೆ."

ಡಾಕ್ಟರ ಬಳಿ ಓಡಿದ್ದರಂತೆ ಪುಣ್ಯಾತ್ಮರು. ಡಾಕ್ಟರು "ನಿನ್ನೆ ಏನು ತಿಂದೆಯಪ್ಪ?" ಎಂದು ಕೇಳಿ ನಕ್ಕು ಕಳಿಸಿದ್ದರು. ಒಂದೇ ಮನೆಯಲ್ಲಿ ಮೂರು ಜನ ಸಾಯಲು ಸಿದ್ಧರಾಗಿದ್ದೆವು, ಇಬ್ಬರು ಗುಟ್ಟಾಗಿ. ಅತ್ತೆ ನಕ್ಕ ನಗು ನೋಡಬೇಕಿತ್ತು. ಲಕ್ವ ಹೊಡೆದ ಮೇಲೆ ಬಾಯಿ ಓರೆ ಕಾಣುತ್ತದೆಂದು ಅವರು ನಗು ಬಂದಾಗಲೆಲ್ಲ ಸೆರಗು ಅಡ್ಡ ಹಿಡಿಯುತ್ತಿದ್ದರು. ಅಂದು ಸೆರಗು ಎಲ್ಲಿತ್ತೋ.

ಬಟ್ಟಲನ್ನು ಹಿಂತಿರುಗಿಸಬೇಕಲ್ಲ. ನಮ್ಮ ಕಡೆ ಬರಿ ಬಟ್ಟಲು ಕೊಡುವ ಪದ್ಧತಿಯಿಲ್ಲ. ಅತ್ತೆ ಹುರಿಹಿಟ್ಟು ತುಂಬಿಸಿ, "ನಾನೇ ಹೋಗಿ ಕೊಡ್ತೀನಿ" ಎಂದು ಹಟ ಹಿಡಿದರು. ಸಮಸ್ಯೆ ಅಲ್ಲಿ ಶುರುವಾಯಿತು. ಬಲಗೈ ಒಂದೇ ಗಟ್ಟಿ. ಅದರಲ್ಲಿ ಕೋಲು ಹಿಡಿದರೆ ಕೊಡೆ ಹಿಡಿಯುವುದು ಹೇಗೆ? ಕೊಡೆ ಹಿಡಿದರೆ ಕೋಲು? ನಾನು ಪಕ್ಕದಲ್ಲಿ ಕೊಡೆ ಹಿಡಿದು ನಡೆದೆ. ಗದ್ದೆಯ ಬದುವಿನ ಮೇಲೆ ಇಬ್ಬರಿಗೆ ಜಾಗವಿಲ್ಲ. ಇಬ್ಬರೂ ನೆನೆದೆವು, ಹುರಿಹಿಟ್ಟು ಅಂಬಲಿಯಾಯಿತು. ಅತ್ತೆ ಅರ್ಧ ದಾರಿಯಲ್ಲೇ ತಿರುಗಿ, "ಒಬ್ಬಳು ಹೊರಗೆ ಹೋಗಕ್ಕೆ ಇಬ್ಬರು ಬೇಕು. ಇಂಥ ಬಾಳು ನಂಗೆ ಬ್ಯಾಡ. ದೀಪಾವಳಿ ಬರ್ಲಿ," ಎಂದರು.

ಮರುದಿನ ಪೂವಮ್ಮನ ಬಳಿ ಹೋಗಿ ತೋಡಿಕೊಂಡೆ. ಅವರು ಅಟ್ಟದಿಂದ ಒಂದು ಗೊರಬೆ ಇಳಿಸಿಕೊಟ್ಟರು. ಗೊರಬೆಯನ್ನು ನಮ್ಮ ಕಡೆಯವರು ಕಂಡಿರಲಾರರು. ಬಿದಿರ ಸೀಳುಗಳ ಚೌಕಟ್ಟಿನೊಳಗೆ ಒಣಗಿದ ಎಲೆ ಒತ್ತಾಗಿ ಹೆಣೆದು ಮಾಡಿದ ದೊಡ್ಡ ಚಿಪ್ಪು. ತಲೆಯ ಮೇಲಿಂದ ಬೆನ್ನಿನುದ್ದಕ್ಕೂ ಇಳಿಯುತ್ತದೆ. ಬಗ್ಗಿ ನಾಟಿ ಮಾಡುವ ಹೆಂಗಸರಿಗೆ ಎರಡು ಕೈಯೂ ಬೇಕಲ್ಲ, ಅದಕ್ಕೆಂದು ಮಾಡಿದ್ದು.

ಅತ್ತೆ ಅದನ್ನು ನೋಡಿದ್ದೇ ಮುಖ ಗಂಟಿಕ್ಕಿದರು. "ನಾಟಿಯವರು ಹಾಕೋದು ಇದು."

ಜೊತೆಗೆ ಬಂದಿದ್ದ ಪೂವಮ್ಮ ಬಿಡಲಿಲ್ಲ. "ಆಯ್ತು, ಹಾಕ್ಬೇಡಿ. ಗೌಡ್ತಿ ಬಂದಾಳೆ, ಸ್ವಲ್ಪ ಸರ್ಕೋ ಅಂತ ಮಳೆಗೆ ಹೇಳಿ ನೋಡಿ."

ಅತ್ತೆಗೆ ನಗು ಬಂತು. ಗೊರಬೆ ಏರಿತು. ಜಾರದಿರಲೆಂದು ನಾನು ಎದೆಯ ಮುಂದೆ ಒಂದು ಹಳೆಯ ಸೀರೆಯಂಚಿನ ಪಟ್ಟಿ ಕಟ್ಟಿದೆ. ಬಟ್ಟಲನ್ನು ಜೋಳಿಗೆಗೆ ಹಾಕಿ ಕುತ್ತಿಗೆಗೆ ತೂಗಿದೆ. ಅತ್ತೆ ಕೋಲೂರಿ ಹೊರಟರು, ಆಮೆಯೊಂದು ಎದ್ದು ನಡೆದ ಹಾಗೆ. ನಾನು ಹಿಂದೆ ಹೋಗಲು ಕಾಲು ತೆಗೆದೆ. ಪೂವಮ್ಮ ನನ್ನ ಸೆರಗು ಹಿಡಿದು ನಿಲ್ಲಿಸಿ, ತಾವೂ ಮುಂದೆ ಹೋಗಿ, ತಿರುಗಿ ನೋಡದೆ ನಡೆದರು. ನಾನು ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದೆ. ಅತ್ತೆ ಬಂದದ್ದು ಮಧ್ಯಾಹ್ನ ಕಳೆದಮೇಲೆ. ಮೈ ಒಣಗಿತ್ತು, ತಲೆ ತುಂಬ ಸುದ್ದಿಯಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಹುಚ್ಚು ಹತ್ತಿತು. ಅತ್ತೆಗೆ ಯಾವುದು ಆಗುವುದಿಲ್ಲವೋ ಅದನ್ನು ಆಗುವಂತೆ ಮಾಡುವ ಹುಚ್ಚು. ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ. ಒಂದೇ ಕೈಯಲ್ಲಿ ಉಣ್ಣುವಾಗ ತಟ್ಟೆ ಓಡಾಡುತ್ತದೆ. ಕೊಡದ ಕೆಳಗಿಡುವ ಸಿಂಬಿಯನ್ನು ಒದ್ದೆ ಮಾಡಿ ತಟ್ಟೆಯ ಕೆಳಗಿಟ್ಟರೆ ಅಲ್ಲಾಡುವುದಿಲ್ಲ. ರವಿಕೆ ತೊಡಿಸುವಾಗ ಸೋತ ಕೈಗೆ ಮೊದಲು ತೋಳು ಹಾಕಿ, ಬಿಚ್ಚುವಾಗ ಗಟ್ಟಿ ಕೈಯಿಂದ ಶುರುಮಾಡಿ. ಅರ್ಧ ಜಗಳ ಅಲ್ಲೇ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಬಚ್ಚಲ ಕಲ್ಲಿಗೆ ಪಾಚಿ ಕಟ್ಟುತ್ತದೆ, ತೆಂಗಿನ ಸಿಪ್ಪೆಯಿಂದ ದಿನಾ ಉಜ್ಜಬೇಕು. ಕೋಲಿನ ತುದಿಗೆ ಹಳೆಯ ಟೈರಿನ ಚೂರು ಹೊಡೆದರೆ ಜಾರುವುದಿಲ್ಲ. ಇದು ನಮ್ಮನೆಯವರ ಬುದ್ಧಿ. ಲಾಳ ಹೊಡೆಸಿದ್ದು ಕೊನೆಗೂ ಅವ್ವನ ಕೋಲಿಗೆ ಎಂದು ಪೂವಮ್ಮ ಈಗಲೂ ಆಡಿಕೊಳ್ಳುತ್ತಾರೆ. ನಮ್ಮನೆಯವರೇ ಮರದ ಹಲಗೆಗೆ ಎರಡು ಮೊಳೆ ತಲೆಕೆಳಗಾಗಿ ಹೊಡೆದುಕೊಟ್ಟರು. ಸೋರೆಕಾಯಿಯನ್ನು ಅದಕ್ಕೆ ಚುಚ್ಚಿಟ್ಟು ಅತ್ತೆ ಒಂದೇ ಕೈಯಲ್ಲಿ ಹೆಚ್ಚತೊಡಗಿದರು. ಹೋಳು ದಪ್ಪ, ಸಣ್ಣ. ನಾನೇನಾದರೂ ಅಂದರೆ, "ಹೊಟ್ಟೇಲಿ ಎಲ್ಲಾ ಒಂದೇ, ಸುಮ್ನಿರು."

ಮಧ್ಯಾಹ್ನ ಇಬ್ಬರು ಮುದುಕಿಯರು ಒಂದೋ ಇಲ್ಲಿ, ಇಲ್ಲವೇ ಅಲ್ಲಿ. ಪೂವಮ್ಮ ತಂದ ಕಡಂಬುಟ್ಟನ್ನು, ಅಂದರೆ ಅಕ್ಕಿತರಿಯ ಉಂಡೆಯನ್ನು, ಅತ್ತೆ ಕೈಯಲ್ಲಿ ಹೊರಳಿಸಿ, "ಮುದ್ದೆಗೆ ಸುಣ್ಣ ಬಳ್ದವ್ರೆ" ಎಂದರು. ಅತ್ತೆ ಬಡಿಸಿದ ರಾಗಿಮುದ್ದೆಯನ್ನು ಪೂವಮ್ಮ ಅಗಿದು ಅಗಿದು ದವಡೆ ನೋಯಿಸಿಕೊಂಡರು. "ಅಗೀಬ್ಯಾಡ ಕನವ್ವ, ನುಂಗು!" "ಎಂತ?" "ನುಂಗು!" ಹೀಗೆ ಕೂಗಿ ಕೂಗಿಯೇ ಅತ್ತೆಯ ತೊದಲು ಎಷ್ಟೋ ತಿಳಿಯಾಯಿತು. ಮಂದ ಕಿವಿಯ ಗೆಳತಿ ಸಿಕ್ಕಿದ್ದು ನಮ್ಮ ಭಾಗ್ಯ.

ಹಳೆಯ ಕಾಲದ ಮಾತು ಬಂದರಂತೂ ಮುಗಿಯಿತು. ಅತ್ತೆ ಸೊಗಡವರೆಯ ವಾಸನೆ ಹೇಳುವರು, ಇಬ್ಬನಿ ಬಿದ್ದ ಬೆಳಿಗ್ಗೆ ಹೊಲಕ್ಕೆ ಹೋದರೆ ಅಂಗೈಗೆ ಮೂರು ದಿನ ಘಮ ಹತ್ತಿರುತ್ತಿತ್ತೆಂದು. ಅದೇ ಹೊತ್ತಿಗೆ ಪೂವಮ್ಮ ಭಾಗಮಂಡಲದ ಕಡೆಯ ತಮ್ಮ ತವರಿನಲ್ಲಿ ಏಡಿ ಹಿಡಿದ ಕತೆ ಹೇಳುವರು. ಒಬ್ಬರದು ಇನ್ನೊಬ್ಬರು ಕೇಳುವುದಿಲ್ಲ. ಇಬ್ಬರಿಗೂ ತೃಪ್ತಿ.

ಇಷ್ಟಾದರೂ ನನ್ನ ಭಯ ಹೋಗಲಿಲ್ಲ. ಅತ್ತೆ ಒಪ್ಪಂದದ ಮಾತೆತ್ತಲಿಲ್ಲ, ನಾವೂ ಎತ್ತಲಿಲ್ಲ. ಮಳೆ ನಿಂತಿತು, ಗದ್ದೆ ಹಳದಿಗೆ ತಿರುಗಿತು, ದೀಪಾವಳಿ ಬಂದೇಬಿಟ್ಟಿತು. ಹಬ್ಬಕ್ಕೆ ಊರಿಗೆ ಹೊರಡುವ ಹಿಂದಿನ ದಿನ ನಮ್ಮನೆಯವರು ಅತ್ತೆಯ ತಗಡಿನ ಟ್ರಂಕನ್ನು ನಡುಮನೆಗೆ ಎಳೆದು ತಂದರು.

"ಏನವ್ವ, ಎಲ್ಲಾ ತುಂಬ್ಲಾ?"

ಅತ್ತೆ ಸೋರೆಕಾಯಿ ಹೆಚ್ಚುತ್ತಲೇ ಹೇಳಿದರು. "ಹಬ್ಬಕ್ಕೆ ಟ್ರಂಕ್ ಯಾಕಪ್ಪ? ಎಲ್ಡು ಸೀರೆ ಸಾಕು."

ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಒಲೆ ಊದಿದೆ. ಒಲೆ ಉರಿಯುತ್ತಲೇ ಇತ್ತು.

ಊರಲ್ಲಿ ಗೌರಿ ತಾಯಿಯನ್ನು ಹೂವಿನ ಹಾಗೆ ನೋಡಿಕೊಂಡಳು. ಏಳಲು ಬಿಡಲಿಲ್ಲ, ತುತ್ತು ಮಾಡಿ ಬಾಯಿಗಿಟ್ಟಳು. ಮೊದಲ ದಿನ ಅತ್ತೆಗೆ ಹಿತವಾಯಿತು. ಎರಡನೆಯ ದಿನ ಮಾತು ಕಡಿಮೆಯಾಯಿತು. ಮೂರನೆಯ ದಿನ, "ಗೌರಿ, ನನ್ ಕೈ ಇನ್ನೂ ಸತ್ತಿಲ್ಲ ಕನವ್ವ," ಎಂದು ತಟ್ಟೆ ಎಳೆದುಕೊಂಡರು. ಜಗುಲಿಗೆ ಬೀದಿಯೆಲ್ಲ ಬಂತು. ಹಳೆಯ ಗೆಳತಿಯೊಬ್ಬರು, "ನಿಮ್ಮೂರಲ್ಲಿ ಮಳೆ ನಿಂತಿತಾ?" ಎಂದು ಕೇಳಿದರು. ಅತ್ತೆ ಮಳೆಯನ್ನು, ಹೊಳೆಯನ್ನು, ಜಿಗಣೆಯನ್ನು ಬಣ್ಣಿಸಿದ್ದೇ ಬಣ್ಣಿಸಿದ್ದು.

ವಾಪಸು ಬರುವ ಬಸ್ಸಿನಲ್ಲಿ ಮಾತ್ರ ಮುಖ ಊದಿಸಿಕೊಂಡು ಕೂತಿದ್ದರು. ಪಿರಿಯಾಪಟ್ಟಣ ದಾಟಿದ ಮೇಲೆ ಒಡೆಯಿತು. "ಲಗ್ನ ಆಗಿ ಬಂದಾಗಿಂದ ನೀರು ಕುಡಿದ ಊರು ಅದು. ನಂಗೇ ನಿಮ್ಮೂರು ಅಂದ್ಬುಟ್ಳಲ್ಲೋ!"

"ಮತ್ತೆ ಅಷ್ಟೊತ್ತು ಉತ್ತರ ಹೇಳ್ದೋಳು ನೀನೇ ತಾನೆ ಅವ್ವ?" ಎಂದು ನಮ್ಮನೆಯವರು ಕೆಣಕಿದರು.

"ಕೇಳ್ದಾಗ ಯೋಳ್ದೆ ಇರಕ್ಕಾಯ್ತದಾ?"

ಕಾವೇರಿ ಸೇತುವೆ ಬಂತು. ಹೊಳೆ ತುಂಬಿ ಹರಿಯುತ್ತಿತ್ತು. ಮುಂದಿನ ಸೀಟಿನಲ್ಲಿದ್ದ ಹೆಂಗಸೊಬ್ಬಳು ತಿರುಗಿ, "ನಿಮ್ದು ಯಾವ ಕಡೆ ಅಜ್ಜಿ?" ಎಂದಳು. ಅತ್ತೆ ಬಸ್ಸು ಸೇತುವೆಯ ನಡುವಿಗೆ ಬರುವವರೆಗೂ ಯೋಚಿಸಿದರು.

"ಹಿಂದ್ಗಡೆದು ನಮ್ಮೂರು ಕನವ್ವ," ಎಂದರು. "ಮುಂದ್ಗಡೆದು ನಮ್ಮನೆ."

ಕುಶಾಲನಗರದಲ್ಲಿ ಕಂಡಕ್ಟರು ಕೈ ಕೊಡಲು ಬಂದ. ಅತ್ತೆ ಬೇಡವೆಂದು ತಲೆಯಾಡಿಸಿ, ಕೋಲನ್ನು ಕೆಳಗೂರಿ, ಸೋತ ಕಾಲನ್ನು ಮೊದಲು ನೆಲಕ್ಕಿಟ್ಟು, ಗಟ್ಟಿ ಕಾಲನ್ನು ಆಮೇಲೆ ತಂದು, ತಾವೇ ಇಳಿದರು. ಬಸ್ಸಿನವರೆಲ್ಲ ಕಾದರು.