ಟವೆಲ್ ಕೆಳಗಿಂದ ಕೂಗಿದ ಫೋನು

“ಹದಿನೆಂಟು ಸಾವಿರ!” ಎಂದು ಮಲ್ಲಪ್ಪ ಕಾಕಾನ ಟವೆಲ್ ಕೆಳಗಿಂದ ನನ್ನ ಫೋನು ಕೂಗಿದಾಗ ಇಡೀ ಕುರಿ ಸಂತೆ ನಮ್ಮತ್ತ ತಿರುಗಿತು.

ನಮ್ಮ ಸುರಪುರದ ಕಡೆ ಟಗರಿನ ರೇಟನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಟವೆಲ್ ಕೆಳಗೆ ಬೆರಳು ಹಿಡಿದೇ ಚೌಕಾಸಿ ಮುಗಿಸುತ್ತಾರೆ. ರಂಗಂಪೇಟೆಯ ಮನೆಯಲ್ಲಿ ಕುಳಿತು ಆ್ಯಪ್ ಮಾಡುವ ನಾನು, ಬೆರಳು ಹಿಡಿಯುವ ಬದಲು ಫೋನಿನಲ್ಲಿ ಅಂಕಿ ಒತ್ತಲಿ ಎಂದು ಒಂದು ಆ್ಯಪ್ ಮಾಡಿ ಸಂತೆಗೆ ಒಯ್ದಿದ್ದೆ. ಟಗರು ಮಾರಲು ಬಂದಿದ್ದ ದೇವಾಪುರದ ಮಲ್ಲಪ್ಪ ಕಾಕಾ ಒಪ್ಪಿದ. ಆದರೆ ಫೋನಿನ ಮೇಲೂ ಟವೆಲ್ ಹೊದಿಸಿದ. ಕೊಳ್ಳುವವನೂ ಒಳಗೆ ಕೈ ತೂರಿಸಿದ. ಇಬ್ಬರೂ ಆಕಾಶ ನೋಡುತ್ತ ಒತ್ತತೊಡಗಿದರು.

ಆ್ಯಪ್ ಕಟ್ಟುವ ಟೂಲ್‌ನ ಹೊಸ ವರ್ಷನ್ನನ್ನು ಹಿಂದಿನ ದಿನವಷ್ಟೇ ಹಾಕಿಕೊಂಡಿದ್ದೆ. ಒತ್ತಿದ ಅಂಕಿಯನ್ನು ಗಟ್ಟಿಯಾಗಿ ಓದುವುದು ಅದರ ಹೊಸ ಸೌಲಭ್ಯವಂತೆ. ನನಗೆ ಗೊತ್ತಾದದ್ದು ಸಂತೆಯಲ್ಲೇ.

ಗಾಬರಿಯಲ್ಲಿ ಕಾಕಾನ ಬೆರಳು ಮತ್ತೆಲ್ಲೋ ತಾಗಿ, “ಒಂದು ಲಕ್ಷ ಎಂಬತ್ತು ಸಾವಿರ!” ಎಂದು ಫೋನು ಮತ್ತೆ ಅರಚಿತು. ಕಸಿದುಕೊಳ್ಳಲು ಹೋದರೆ ಕಾಕಾ ಬಿಡಲೊಲ್ಲ. ವ್ಯವಹಾರ ಮುಗಿಯುವ ತನಕ ಟವೆಲ್ ಎತ್ತಬಾರದಂತೆ!

“ಯವ್ವಾ, ನಿನ್ ಫೋನಿಗಿ ಮದ್ಲ ಬಾಯಿ ಮುಚ್ಕೊಂಡಿರೂದು ಕಲಸು” ಎಂದು ನನ್ನನ್ನೇ ಗದರಿದ.

ಟವೆಲ್ ಕೆಳಗಿದ್ದಾಗ ಸುಮ್ಮನಿರುವ ಸೌಲಭ್ಯ ಕೊಡಿ ಎಂದು ಟೂಲ್ ಮಾಡಿದವರಿಗೆ ಬರೆದೆ. ‘ನೀವು ಬಳಸುತ್ತಿರುವ ಟವೆಲ್ ಯಾವ ವರ್ಷನ್, ದಯವಿಟ್ಟು ತಿಳಿಸಿ’ ಎಂದು ಉತ್ತರ ಬಂತು. ಕಾಕಾನನ್ನೇ ಕೇಳಿದೆ. “ನಮ್ಮಪ್ಪನ ಕಾಲದ್ದವ್ವಾ, ಇನ್ನಾ ಗಟ್ಟಿ ಅದ” ಅಂದ.