ಟೈಲರಕ್ಕನ ಹಳದಿ ಬಟ್ಟೆಗಳು

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಆಮೇಲೆ ಸೇರಿಸಿಕೊಂಡದ್ದು ಎಂದು ಖಚಿತವಾಗಿ ಹೇಳಲಾರೆ. ಕಳೆದ ತಿಂಗಳು ಮಂಡ್ಯದ ನಮ್ಮ ಮನೆಯ ಹಿಂದಿನ ಖಾಲಿ ಸೈಟಿಗೆ ಜೆಸಿಬಿ ಬಂತು. ಆಳೆತ್ತರ ಬೆಳೆದಿದ್ದ ಲಂಟಾನ ಪೊದೆಗಳನ್ನು ಬುಡಸಮೇತ ಕಿತ್ತು ಚಕ್ರದಡಿ ಅರೆಯಿತು. ಆ ಘಾಟು ವಾಸನೆ ಕಿಟಕಿಯಿಂದ ಒಳಗೆ ನುಗ್ಗಿದಾಗ ನಾನು ಕಾಫಿ ಕುಡಿಯುತ್ತಿದ್ದೆ. ಲೋಟ ಕೆಳಗಿಟ್ಟು ನೋಡಿಕೊಂಡರೆ ಅಂಗೈ ಒದ್ದೆಯಾಗಿತ್ತು. ಯಾಕೆಂದು ಹೊಳೆಯುವುದಕ್ಕೆ ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

ನಾನು ಓದಿದ್ದು ಮನಶ್ಶಾಸ್ತ್ರ. ನೆನಪನ್ನು ಸುಲಭಕ್ಕೆ ನಂಬಬಾರದೆಂದು ಮೈಸೂರಿನಲ್ಲಿ ಓದಿ ಬಂದು, ಈಗ ಅದನ್ನೇ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹೆದರಿದವನ ನೆನಪನ್ನಂತೂ ನಂಬಲೇಬಾರದು. ಹಾಗಿದ್ದೂ ಆ ವಾಸನೆ ಬಂದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಟೈಲರಕ್ಕ ಬದುಕಿದ್ದರೆ ಹೋಗಿ ಕೇಳಬಹುದಿತ್ತು...

ಅವರು ನಮ್ಮ ಬೀದಿಯ ತಿರುವಿನಲ್ಲಿ ಬ್ಲೌಸ್ ಹೊಲಿಯುತ್ತಿದ್ದರು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ, ಒಂದು ಮಿಷನ್ನು, ಗೋಡೆಗೆ ನೇತುಹಾಕಿದ ಲೈನಿಂಗ್ ಬಟ್ಟೆಯ ಸುರುಳಿಗಳು. ಸ್ಕೂಲಿನಲ್ಲಿದ್ದಾಗ ಜಿಲ್ಲಾ ಮಟ್ಟಕ್ಕೆ ಓಡಿದ್ದರಂತೆ. ಮದುವೆಯಾದ ಮೇಲೆ ಬಿಟ್ಟಿದ್ದನ್ನು ನಲವತ್ತು ದಾಟಿದ ಮೇಲೆ ಮತ್ತೆ ಹಿಡಿದರು. ಚೂಡಿದಾರದ ವೇಲನ್ನು ಹೆಗಲಿನಿಂದ ಸೊಂಟಕ್ಕೆ ಅಡ್ಡಡ್ಡ ಬಿಗಿದು ಬೆಳಗಿನ ಜಾವ ಅವರು ಓಡುವುದನ್ನು ನೋಡಿ ಬೀದಿಯವರು ಮೊದಮೊದಲು ನಕ್ಕರು. ಆಮೇಲೆ ಕೆಲವರು ಜೊತೆಗೂಡಿದರು. ಅವರಲ್ಲಿ ನಾನೂ ಒಬ್ಬ. ಒಂದು ಕಡೆ ಕೂತು ಅರ್ಧ ಗಂಟೆ ಓದಲಾಗದ ಚಡಪಡಿಕೆ ನನ್ನದು. ಓಡಿದ ದಿನ ಮಾತ್ರ ಮೈ ಸುಮ್ಮನಿರುತ್ತಿತ್ತು.

ಭಾನುವಾರಗಳಂದು ಮೊದಲು ಕೃಷಿ ಕಾಲೇಜಿರುವ ವಿ.ಸಿ. ಫಾರಂ ಹಿಂದಿನ ದಾರಿಗಳಲ್ಲಿ, ಕೆರಗೋಡಿನ ಕಡೆಯ ನಾಲೆ ಏರಿಗಳ ಮೇಲೆ ಓಡುತ್ತಿದ್ದೆವು. ಆಮೇಲೆ ಅಕ್ಕನಿಗೆ ಗುಡ್ಡಗಳ ಹುಚ್ಚು ಹತ್ತಿತು. ಮಳವಳ್ಳಿ ದಾಟಿ ಹೋದರೆ ಅಂಥ ಗುಡ್ಡಗಳಿಗೇನು ಕಡಿಮೆ. ಹಿಂದಿನ ದಿನವೇ ಒಬ್ಬರು ಹೋಗಿ, ಓಡುವ ದಾರಿಯುದ್ದಕ್ಕೂ ಗಿಡಗಳಿಗೆ ಬಟ್ಟೆಯ ಪಟ್ಟಿ ಕಟ್ಟಿ ಬರಬೇಕು. ಬೇರೆ ಊರಿನ ಓಟಗಾರರು ಪ್ಲಾಸ್ಟಿಕ್ ಟೇಪು ಕಟ್ಟುತ್ತಾರೆ. ನಮಗೆ ಅಕ್ಕನ ಅಂಗಡಿಯಲ್ಲಿ ಉಳಿದ ಲೈನಿಂಗ್ ಬಟ್ಟೆ ಇತ್ತು. ದೂರಕ್ಕೆ ಕಾಣಲಿ ಎಂದು ಅದರಲ್ಲಿ ಹಳದಿಯನ್ನೇ ಆರಿಸುತ್ತಿದ್ದರು. ಎಲ್ಲರಿಗಿಂತ ಹಿಂದೆ ಓಡಿ ಬರುವವನು ಆ ಪಟ್ಟಿಗಳನ್ನು ಬಿಚ್ಚಿಕೊಂಡು ಬರಬೇಕು. ಹಾಗಾಗಿ ನಮ್ಮಲ್ಲಿ ಒಂದು ಲೆಕ್ಕ ರೂಢಿಯಾಗಿತ್ತು: ಗಿಡಗಳ ಮೇಲೆ ಬಟ್ಟೆ ಇಲ್ಲವೆಂದರೆ ಗುಡ್ಡದ ಮೇಲೆ ನಮ್ಮವರು ಯಾರೂ ಇಲ್ಲ.

ಆಗಲೂ ಚಿರತೆಯ ಭಯ ಇತ್ತು. ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋಗುವವರು ಮೊಬೈಲಿನಲ್ಲಿ ಜೋರಾಗಿ ಹಾಡು ಹಾಕಿಕೊಂಡು ಹೋಗುತ್ತಿದ್ದರು. ನಾನು ಒಂದು ಸಲ ಆ ಮಾತೆತ್ತಿದಾಗ ಅಕ್ಕ ಬಾಯಲ್ಲಿದ್ದ ದಾರ ಕಡಿದು ನಕ್ಕಿದ್ದರು.

“ಚಿರ್ತೆಗೂ ಬಾಯ್ರುಚಿ ಅಂತ ಇರ್ತದೆ ಕಣಪ್ಪ ಪ್ರೊಫೆಸ್ರೇ. ನಿನ್ನಂತ ಒಣಕಲನ್ನ ತಿಂದು ಹಲ್ಲಿಗೆ ಸಿಗಾಕಿಸ್ಕಂಡದಾ?”

ನಾನಾಗ ಪ್ರೊಫೆಸರೇನೂ ಆಗಿರಲಿಲ್ಲ, ಅತಿಥಿ ಉಪನ್ಯಾಸಕ. ಅವರಿಗೆ ಅದು ಗೊತ್ತಿತ್ತು.

ನಾನು ಹೆದರಿದ ಭಾನುವಾರದ ಆ ಗುಡ್ಡದ ಹೆಸರನ್ನು ಬರೆಯುವುದಿಲ್ಲ. ತಪ್ಪಲಿನಲ್ಲಿ ಒಂದು ವೀರಗಲ್ಲು, ನಡುವೆ ಬಂಡೆಯಲ್ಲಿ ನೀರು ನಿಂತ ಒಂದು ದೊಣೆ, ಅದರ ಮೇಲೆ ನಾಲ್ಕು ಕಂಬದ ಮಂಟಪ, ಇನ್ನೂ ಮೇಲೆ ಯಾವ ಪಾಳೇಗಾರನದೋ ಬಿದ್ದುಹೋದ ಕೋಟೆ ಗೋಡೆ. ಗೋಡೆಯ ಸಂದಿಯಲ್ಲಿ ನುಸುಳಿ ಆಚೆ ಬದಿಯಿಂದ ಇಳಿದು, ಮತ್ತೆ ವೀರಗಲ್ಲಿಗೆ ಬಂದು ಸೇರಬೇಕು. ಅದು ಅಂದಿನ ದಾರಿ. ಚಳಿಗಾಲ, ಮಂಜು ಮುಸುಕಿತ್ತು. ಅಕ್ಕ ಯಾವಾಗಲೂ ಮುಂದೆ. ಕೊನೆಯಲ್ಲಿ ಬರಬೇಕಾಗಿದ್ದವನು ನಮ್ಮ ಗುಂಪಿನ ಬ್ಯಾಂಕಿನ ಹುಡುಗ. ಮೀನಖಂಡ ಹಿಡಿದುಕೊಂಡಿದ್ದರಿಂದ ಅವನು ಅರ್ಧದಿಂದಲೇ ಇಳಿದುಹೋಗಿದ್ದ. ಇದು ನನಗೆ ಗೊತ್ತಿರಲಿಲ್ಲ. ಹಿಂದೆ ಅವನಿದ್ದಾನೆ ಎಂಬ ಧೈರ್ಯದಲ್ಲಿ ನಾನು ದಾರಿ ಬಿಟ್ಟು ದೊಣೆಯ ಹತ್ತಿರ ಇಳಿದು, ಬಂಡೆಯ ಮೇಲೆ ಕೆತ್ತಿದ್ದ ಸವೆದ ಅಕ್ಷರಗಳನ್ನು ನೋಡುತ್ತಾ ನಿಂತೆ. ಎಷ್ಟು ಹೊತ್ತೋ... ಮೇಲಿನ ದಾರಿಯಲ್ಲಿ ಯಾರೋ ಗಂಡ ಹೆಂಡತಿ ಮಾತಾಡಿಕೊಂಡು ಹೋದ ಹಾಗೆ ಕೇಳಿಸಿತು. ನಮ್ಮವರಲ್ಲ ಎಂದು ಸುಮ್ಮನಾದೆ.

ಮತ್ತೆ ದಾರಿಗೆ ಬಂದಾಗ ಹಳದಿ ಪಟ್ಟಿಗಳಿರಲಿಲ್ಲ. ಸುತ್ತಲೂ ಲಂಟಾನ. ಹಿಂದಿನ ತಿರುವಿನಲ್ಲಿ ಕಂಡಿದ್ದ ಪಟ್ಟಿಯೂ ಈಗ ಇಲ್ಲ. ಬ್ಯಾಂಕಿನವನು ನನ್ನನ್ನು ದಾಟಿ ಹೋದನೇ ಎಂದುಕೊಂಡು ಓಡಿದೆ. ಮಂಟಪದ ಪಕ್ಕದಲ್ಲಿ ಊರವರು ಹರಕೆಯ ಬಟ್ಟೆ ಕಟ್ಟುವ ಒಂದು ಗಿಡ್ಡ ಮರವಿದೆ. ಮಂಜಿನೊಳಗಿಂದ ಅದು ಹಳದಿಯಾಗಿ ಎದ್ದು ಬಂತು. ನಮ್ಮ ಪಟ್ಟಿಗಳೆಲ್ಲ ಆ ಒಂದೇ ಮರದಲ್ಲಿದ್ದವು. ಒಂದೊಂದನ್ನೂ ಬಿಡಿಬಿಡಿಯಾಗಿ, ಗಂಟು ಹಾಕಿ, ಯಾರೋ ಕಟ್ಟಿದ್ದರು.

ಇದಕ್ಕೆ ಕಾರಣ ಎಷ್ಟು ಸರಳವೆಂದು ಈಗ ಗೊತ್ತು. ಪೂಜೆಗೆ ಬಂದಿದ್ದ ಆ ದಂಪತಿ ಗಿಡಗಳ ಮೇಲಿನ ಬಟ್ಟೆ ನೋಡಿ, ದೇವರ ಮರದಲ್ಲಿದ್ದುದನ್ನು ಕೋತಿಗಳು ಕಿತ್ತು ಹರಡಿವೆ ಎಂದುಕೊಂಡಿದ್ದರು. ಹರಕೆಯ ಬಟ್ಟೆ ಕಾಲಿಗೆ ಸಿಗಬಾರದಲ್ಲ, ಆಯ್ದು ತಂದು ಮತ್ತೆ ಕಟ್ಟಿದ್ದರು. ಆದರೆ ಆ ಗಳಿಗೆಯಲ್ಲಿ ನನ್ನ ಓದು ಯಾವುದೂ ಸಹಾಯಕ್ಕೆ ಬರಲಿಲ್ಲ. ಯಾರೋ ನನ್ನ ದಾರಿಯನ್ನು ಸುತ್ತಿ ಒಂದು ಕಡೆ ಇಟ್ಟಿದ್ದಾರೆ ಎನ್ನಿಸಿತು. ಬಂದ ದಾರಿ ಯಾವುದು, ಹೋಗುವ ದಾರಿ ಯಾವುದು ತಿಳಿಯದೆ ಮೇಲಕ್ಕೇ ಹತ್ತಿದೆ, ಗೋಡೆಯ ಬುಡ ಸೇರಿದೆ.

ಅಲ್ಲಿ ಆ ಸದ್ದು. ಒಣಗಿದ ಮರವನ್ನು ಗರಗಸದಿಂದ ಎಳೆದ ಹಾಗೆ, ಒಂದು ಸಲ ಆಚೆ, ಒಂದು ಸಲ ಈಚೆ. ಯಾರೋ ಸೌದೆ ಕೊಯ್ಯುತ್ತಿದ್ದಾರೆ ಎಂದು ಮೊದಲು ಸಮಾಧಾನವೇ ಆಯಿತು. ಕೂಗಬೇಕೆಂದು ಬಾಯಿ ತೆರೆದವನು, ಸದ್ದು ಗೋಡೆಯ ಮೇಲಿನಿಂದ ಬರುತ್ತಿದೆ ಎಂದು ತಿಳಿದು ಹಾಗೇ ನಿಂತೆ. ಗೋಡೆಯ ಮೇಲೆ ಕೊಯ್ಯುವ ಮರ ಎಲ್ಲಿದೆ? ಆಮೇಲೆ ಸದ್ದು ನಿಂತಿತು. ನಿಂತದ್ದು ಇನ್ನೂ ಕೆಟ್ಟದಾಗಿತ್ತು. ಲಂಟಾನ ಪೊದೆಯೊಳಗೆ ಬೆನ್ನು ತೂರಿಸಿ, ಒಂದು ಹಿಡಿ ಎಲೆಯನ್ನು ಮುಷ್ಟಿಯಲ್ಲಿ ಹಿಸುಕುತ್ತಾ ಕೂತೆ. ಏನನ್ನಾದರೂ ಕಂಡೆನೇ? ಇಲ್ಲ. ಇಲ್ಲ ಎಂದೇ ಅಂದುಕೊಂಡಿದ್ದೇನೆ...

ಕೆಳಗೆ ಎಲ್ಲರೂ ಇಡ್ಲಿ ತಿನ್ನುತ್ತಿದ್ದರು. ದಾರಿಯಲ್ಲಿ ಬಟ್ಟೆಗಳಿಲ್ಲ, ಬ್ಯಾಂಕಿನವನು ಬಿಚ್ಚದಿದ್ದರೆ ಪ್ರೊಫೆಸರೇ ಬಿಚ್ಚಿರಬೇಕು, ಅಂದರೆ ಎಲ್ಲರೂ ಇಳಿದಿದ್ದಾರೆ. ಪ್ರೊಫೆಸರು ಎಂದಿನಂತೆ ಹೇಳದೆ ಬಸ್ಸು ಹತ್ತಿದ್ದಾನೆ. ಹಾಗೆಂದು ತೀರ್ಮಾನಿಸಿದ್ದರಂತೆ. ಅಕ್ಕ ಒಬ್ಬರೇ ಒಪ್ಪಲಿಲ್ಲ.

ನನಗೆ ಮೊದಲು ಕೇಳಿಸಿದ್ದು ಅವರ ಬೈಗುಳ. ಕೂಗಿ ಬೈದದ್ದಲ್ಲ, ಮನೆ ಮುಂದೆ ನಿಂತು ಪಕ್ಕದವರ ಹತ್ತಿರ ಮಾತಾಡುವಷ್ಟೇ ದನಿ, ಬಿಡುವಿಲ್ಲದೆ ಮೇಲಕ್ಕೆ ಬರುತ್ತಿತ್ತು.

“ಎಲ್ ಸತ್ತೋದ್ನೋ ಏನೋ ಇವ್ನು. ಕಲ್ಲ್ ಮ್ಯಾಲೆ ಅಕ್ಸರ ಕಂಡ್ರೆ ಸಾಕು, ಜಗತ್ತೇ ಬ್ಯಾಡ ಇವ್ನಿಗೆ. ಇಡ್ಲಿ ಆರೋಯ್ತಾ ಅವೆ...”

ಪೊದೆಯಲ್ಲಿದ್ದ ನನ್ನನ್ನು ಕಂಡರು. ನಗಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿ, ನನ್ನನ್ನು ಇಳಿಜಾರಿನ ಕಡೆ ತಿರುಗಿಸಿ, ಬೆನ್ನಿನ ಮೇಲೆ ಅಂಗೈ ಇಟ್ಟು ಒಂದು ಸಲ ಒತ್ತಿದರು.

“ನಡಿ. ಓಡ್ಬ್ಯಾಡ. ಇಂದಕ್ಕೆ ತಿರುಗ್ಬ್ಯಾಡ.”

“ಅಕ್ಕ, ಅಲ್ಲಿ ಏನೋ...”

“ಬಾಯ್ ಮುಚ್ಕಂಡ್ ನಡಿಯಲಾ ಅಂದೆ.”

ನಡೆದೆ. ಹಿಂದೆ ಅವರ ಹೆಜ್ಜೆ. ಆದರೆ ಆ ಹೆಜ್ಜೆ ಸರಿಯಾಗಿರಲಿಲ್ಲ. ಇಳಿಜಾರಿನಲ್ಲಿ ಹಿಮ್ಮಡಿ ತಡಕುತ್ತಾ ಇಟ್ಟ ಹಾಗೆ ತಡೆದು ತಡೆದು ಬೀಳುತ್ತಿತ್ತು. ಮಾತೂ ನಡೆದೇ ಇತ್ತು, ಈಗ ಇನ್ನೂ ಮೆತ್ತಗೆ. ದನಿ ನನ್ನ ಕಡೆಗೆ ಬರುತ್ತಿರಲಿಲ್ಲ, ನನ್ನಿಂದ ಆಚೆಗೆ ಹೋಗುತ್ತಿತ್ತು.

“ಒಂಟೋಯ್ತೀವಿ. ಒಂಟೋಯ್ತಾನೇ ಇದೀವಿ. ನಿನ್ ತಂಟೆಗೆ ಬಂದಿಲ್ಲ ಕಣವ್ವ, ಸುಮ್ಕಿರು. ಸುಮ್ಕಿರವ್ವ...”

ನನ್ನನ್ನು ಅವರು ಎಂದೂ ಅವ್ವ ಎಂದಿರಲಿಲ್ಲ. ತಿರುಗಬೇಕೆಂಬ ಆಸೆ ಭಯಕ್ಕಿಂತ ದೊಡ್ಡದಾಗಿ ಬಂದು ಬಂದು ಹೋಯಿತು. ತಿರುಗಲಿಲ್ಲ. ಮಂಟಪ ದಾಟಿದೆವು, ದೊಣೆ ದಾಟಿದೆವು. ವೀರಗಲ್ಲು ಕಂಡ ಮೇಲೆ ಅವರ ಹೆಜ್ಜೆ ಸರಿಹೋಯಿತು.

ಕೆಳಗೆ ಎಲ್ಲರೆದುರು ಅವರು ಎಂದಿನ ಅಕ್ಕನೇ. “ಬಂದ್ರಪ್ಪ ಪ್ರೊಫೆಸ್ರು, ಗಿಡದೊಳ್ಗೆ ಕುಂತು ತಪಸ್ಸು ಮಾಡ್ತಿದ್ರು” ಎಂದು ನಗಿಸಿದರು. ಇಡ್ಲಿಯನ್ನು ಮಾತ್ರ ಮುಟ್ಟಲಿಲ್ಲ. ಮುಟ್ಟಲಿಲ್ಲವೇ, ಅಥವಾ ಹಾಗೆಂದು ನಾನು ಆಮೇಲೆ ಸೇರಿಸಿಕೊಂಡೆನೇ... ಒಂದು ವಾರದ ನಂತರ ಅಂಗಡಿಯಲ್ಲಿ ಕೇಳಿದೆ: ಅಲ್ಲಿ ಏನಿತ್ತು, ಆ ಗರಗಸದ ಸದ್ದು ಯಾವುದು, ಸುಮ್ಮನಿರು ಎಂದದ್ದು ಯಾರಿಗೆ?

“ನಿಂಗೇ ಕಣ್ಲಾ. ಇನ್ಯಾರಿದ್ರು? ಏನೂ ಇರ್ಲಿಲ್ಲ. ಗರಗಸವಂತೆ! ನಿನ್ ಹಲ್ಲೇ ಕಟಕಟ ಅಂತಿದ್ವು.”

ಮಿಷನ್ನು ತುಳಿಯತೊಡಗಿದರು. ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳುವುದು ಹಿತವಾಗಿತ್ತು. ಹೆದರಿದವನ ಕಿವಿಗೆ ಗಾಳಿಯೂ ಗರಗಸವಾಗುತ್ತದೆ ಎಂದು ತರಗತಿಯಲ್ಲಿ ನನ್ನನ್ನೇ ಉದಾಹರಣೆಯಾಗಿ ಕೊಟ್ಟು ಮಕ್ಕಳನ್ನು ನಗಿಸಿದ್ದೂ ಉಂಟು. ಅಕ್ಕ ನಾಲೆಯ ಮೇಲೆ ಓಡುವುದನ್ನು ಬಿಡಲಿಲ್ಲ. ಗುಡ್ಡದ ಮಾತು ಬಂದಾಗ ಮಂಡಿ ನೋವು ಎನ್ನುತ್ತಿದ್ದರು. ಮೂರು ವರ್ಷದ ಹಿಂದೆ ಜ್ವರವೆಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ. ಅವರ ಕೋಣೆಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ.

ನಿದ್ದೆಗೆಟ್ಟ ಮೇಲೆ ಹೋದ ವಾರ ಆ ಗುಡ್ಡದ ಬುಡದ ಊರಿಗೆ ಹೋದೆ. ಮೇಲೆ ಹತ್ತಲಿಲ್ಲ, ಹತ್ತಲು ಕಾಲು ಬರಲಿಲ್ಲ ಎಂದೇ ಬರೆಯುತ್ತೇನೆ. ಮರಕ್ಕೆ ಹಳದಿ ಬಟ್ಟೆ ಕಟ್ಟಿದವರನ್ನು ವಿಚಾರಿಸುತ್ತಾ ಹೋದರೆ ಒಂದು ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ವಯಸ್ಸಾದ ಹೆಂಗಸು ನಕ್ಕುಬಿಟ್ಟರು. ಬಟ್ಟೆಯ ಕತೆ ಅವರೇ ಹೇಳಿದರು. ಉತ್ತರ ನನ್ನ ಮಾತಿನಲ್ಲೇ ಇರುವಂಥ ಪ್ರಶ್ನೆ ಕೇಳಬಾರದು ಎಂಬುದು ನಮ್ಮ ಶಾಸ್ತ್ರದ ನಿಯಮ. ಕಟ್ಟಿದ ಮೇಲೆ ಏನಾಯಿತು ಎಂದಷ್ಟೇ ಕೇಳಿದೆ.

“ಏನಾಗೋದು? ಕೋಟೆ ಗ್ವಾಡೆ ಮ್ಯಾಲೆ ಚಿರ್ತೆ ಮಲ್ಗಿತ್ತು, ಮರಿ ಆಕಂಡು. ನಮ್ಮೆಜಮಾನ್ರೂ ನಾನೂ ಒಳದಾರೀಲಿ ಬಿದ್ದೂ ಎದ್ದೂ ಇಳಿದ್ವಿ. ವೀರಗಲ್ ತಾವ ಒಬ್ಬಮ್ಮ ಮ್ಯಾಲಕ್ಕೆ ಒಂಟಿದ್ಲು, ವೇಲು ಸೊಂಟಕ್ಕೆ ಕಟ್ಕಂಡಿದ್ಲು. ಕೈ ಇಡ್ಕಂಡು ಯೋಳ್ದೆ ಕಣಪ್ಪ, ಓಗ್ಬ್ಯಾಡ ಕಣಮ್ಮ, ಮರಿ ಇರೋ ಚಿರ್ತೆ ಅಂತ. ‘ಮ್ಯಾಲೆ ನಮ್ಮುಡ್ಗ ಅವ್ನೆ, ಬುಡವ್ವ’ ಅಂದು ಕೊಸರ್ಕಂಡು ಓದ್ಲು. ಬದ್ಕಿದ್ಲಾ ಆಯಮ್ಮ?”

ಬದುಕಿದ್ದರು ಎಂದೆ.

ಒಬ್ಬರ ಮಾತು ಸಾಲದು. ಬಸ್‌ಸ್ಟ್ಯಾಂಡಿನಿಂದಲೇ ಬ್ಯಾಂಕಿನವನಿಗೆ ಫೋನು ಮಾಡಿ, ಆ ದಿನ ಅಕ್ಕ ಮತ್ತೆ ಮೇಲೆ ಹೋದಾಗ ಏನು ಕಂಡೆ ಎಂದು ಮಾತ್ರ ಕೇಳಿದೆ. ಯಾರೋ ಹಳ್ಳಿ ಹೆಂಗಸು ಅಕ್ಕನ ಕೈ ಹಿಡಿದು ಎಳೆಯುತ್ತಿದ್ದಳು, ಗುಡ್ಡದ ಕಡೆ ತೋರಿಸಿ ಏನೋ ಹೇಳುತ್ತಿದ್ದಳು, ದೂರವಿದ್ದುದರಿಂದ ಕೇಳಿಸಲಿಲ್ಲ, ಅಕ್ಕ ಕೈ ಬಿಡಿಸಿಕೊಂಡು ಹತ್ತಿದರು ಎಂದ.

ಉಳಿದದ್ದನ್ನು ನಾನು ಈಗಲೂ ಸಾಬೀತು ಮಾಡಲಾರೆ. ಆ ಗರಗಸದ ಸದ್ದು ಚಿರತೆಯದೇ ಹೌದೋ, ತಡೆದು ತಡೆದು ಬಿದ್ದ ಆ ಹೆಜ್ಜೆ ಅಕ್ಕ ಹಿಮ್ಮುಖವಾಗಿ ಇಳಿದದ್ದೋ, ಹಿಂದೆ ಏನಾದರೂ ಬಂತೋ ಇಲ್ಲವೋ, ಯಾವುದನ್ನೂ. ವಿಚಾರಿಸಿ ಖಚಿತಪಡಿಸಿಕೊಂಡದ್ದು ಇಷ್ಟೇ: ಟೈಲರಕ್ಕ ಎರಡನೇ ಸಲ ಆ ಗುಡ್ಡ ಹತ್ತಿದ್ದು ಮೇಲೆ ಏನಿದೆ ಎಂದು ಗೊತ್ತಿದ್ದೇ.